ಕತ್ತರಿಸದೆ ಇಟ್ಟ ಬೆಲ್ಟು

ಬೆಲ್ಟಕ್ಕನಷ್ಟು ಪುಕ್ಕಲು ಹೆಂಗಸು ಇನ್ನೊಬ್ಬಳಿರಲಿಕ್ಕಿಲ್ಲ. ಕುಕ್ಕರ್ ಎರಡನೇ ಸಲ ಕೂಗಿತೆಂದರೆ ಅಡುಗೆಮನೆ ಬಿಟ್ಟು ಹೊರಗೆ ಬಂದು ನಿಲ್ಲುತ್ತಾಳೆ. ಗಂಡನ ಸ್ಕೂಟರಿನ ಹಿಂದೆ ಕೂತರೆ ಅವನ ಅಂಗಿಯ ಬೆನ್ನು ಇಸ್ತ್ರಿ ಕಾಣದ ಹಾಗೆ ಮುದುಡಿಹೋಗುತ್ತದೆ, ಅಷ್ಟು ಬಿಗಿಯಾಗಿ ಹಿಡಿದಿರುತ್ತಾಳೆ. ಗೋಡೆಯ ಮೇಲಿನ ಹಲ್ಲಿಗೂ ದಾರಿ ಬಿಟ್ಟುಕೊಟ್ಟು ನಡೆಯುವವಳು. ಇಂಥವಳು ಹನ್ನೊಂದು ವರ್ಷದಿಂದ ಹದಿನೈದು ಟನ್ ಎತ್ತುವ ಕ್ರೇನ್ ಇರುವ ಕಡೆ ಕೆಲಸಕ್ಕಿದ್ದಾಳೆ ಎಂದರೆ ಯಾರು ನಂಬುತ್ತಾರೆ? ನಂಬಿ. ಆ ಹೆದರಿಕೆಯೇ ಅವಳಿಗೆ ಆ ಕೆಲಸ ಕೊಡಿಸಿದ್ದು.

ಅವಳ ಸರಿಯಾದ ಹೆಸರು ಹಾಜರಿ ಪುಸ್ತಕದಲ್ಲಿದೆ, ಅಲ್ಲೇ ಇರಲಿ. ದೊಡ್ಡ ಮೋಟರು, ಪಂಪುಗಳನ್ನು ಬಿಚ್ಚಿ ರಿಪೇರಿ ಮಾಡುವ ಆ ವರ್ಕ್‌ಶಾಪಿನಲ್ಲಿ ಗೇಟಿನವನಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರೂ ಅವಳನ್ನು ಬೆಲ್ಟಕ್ಕ ಎಂದೇ ಕರೆಯುವುದು. ಭಾರದ ಸಾಮಾನಿಗೆ ಸುತ್ತಿ ಕ್ರೇನಿನ ಕೊಕ್ಕೆಗೆ ಸಿಕ್ಕಿಸುವ, ನಾಲ್ಕು ಬೆರಳಗಲದ ಗಟ್ಟಿ ನೂಲಿನ ಪಟ್ಟಿಗೆ ಅಲ್ಲಿ ಬೆಲ್ಟು ಅನ್ನುತ್ತಾರೆ. ಆ ಬೆಲ್ಟುಗಳನ್ನು ನೋಡಿ, ಸವರಿ, ಇದು ಭಾರ ಹೊರುತ್ತದೆ, ಇದು ಹೊರುವುದಿಲ್ಲ ಎಂದು ಹೇಳುವುದು ಅವಳ ಕೆಲಸ.

ಮೊದಲು ಅವಳು ಅಲ್ಲಿ ಕಸ ಗುಡಿಸುತ್ತಿದ್ದಳು. ಅದಕ್ಕೂ ಮೊದಲು ಗಂಡನ ಹೊಲಿಗೆ ಅಂಗಡಿಯಲ್ಲಿ ಕಾಜಾ ಹಾಕುವುದು, ಗುಂಡಿ ಹಚ್ಚುವುದು, ಅಂಚು ಮಡಿಸಿ ಹೊಲಿಯುವುದು ಮಾಡಿಕೊಂಡಿದ್ದಳು. ಜನರೆಲ್ಲ ರೆಡಿಮೇಡ್ ಬಟ್ಟೆಯ ಹಿಂದೆ ಬಿದ್ದ ಮೇಲೆ ಅಂಗಡಿಗೆ ಬೀಗ ಬಿತ್ತು. ಗಂಡ ಮನೆಯಲ್ಲೇ ಮಿಷನ್ ಇಟ್ಟುಕೊಂಡು ಪ್ಯಾಂಟು ಗಿಡ್ಡ ಮಾಡಿಕೊಡುವವನಾದ, ಇವಳು ಪೊರಕೆ ಹಿಡಿದಳು. ಕೆಲಸಕ್ಕೆ ಸೇರಿ ತಿಂಗಳಾಗಿರಲಿಲ್ಲ. ಒಂದು ದಿನ ಒಂದನೇ ಶೆಡ್ಡಿನಲ್ಲಿ ಪಂಪೊಂದನ್ನು ಇನ್ನೇನು ಎತ್ತಬೇಕು, ಇವಳು ಪೊರಕೆ ಬಿಸಾಕಿ 'ಅಯ್ಯೋ' ಎಂದು ಕಿರುಚಿಕೊಂಡಳು. ಎಲ್ಲರೂ ಬೈದರು. ಸ್ಟೋರ್ ನೋಡಿಕೊಳ್ಳುತ್ತಿದ್ದ ತಾತ ಮಾತ್ರ ಹತ್ತಿರ ಬಂದು ಕೇಳಿದ.

"ಏನು ಕಂಡ್ಯಮ್ಮಾ?"

"ಹೊಲಿಗೆ ಬಿಟ್ಕೊಂಡಿದೆ ತಾತ, ಅಲ್ಲಿ, ಆ ಮಡಿಕೆ ಹತ್ರ. ಒಳಗಿಂದ ಕೆಂಪು ನೂಲು ಇಣುಕ್ತಾ ಇದೆ."

ತಾತ ಬೆಲ್ಟನ್ನು ಬಿಚ್ಚಿಸಿ ನೋಡಿದ. ನಿಜ. ಬೆಲ್ಟಿನ ಹೊಟ್ಟೆಯೊಳಗೆ ಕೆಂಪು ನೂಲು ಹಾಕಿರುವುದೇ ಅದಕ್ಕೆ. ಅದು ಹೊರಗೆ ಕಂಡಿತೆಂದರೆ ಬೆಲ್ಟಿನ ಕಥೆ ಮುಗಿಯಿತು ಎಂದು ಅರ್ಥ. ಇಪ್ಪತ್ತು ಗಂಡಸರ ಕಣ್ಣಿಗೆ ಬೀಳದ್ದು ಒಬ್ಬ ದರ್ಜಿಯ ಹೆಂಡತಿಯ ಕಣ್ಣಿಗೆ ಬಿದ್ದಿತ್ತು. ತಾತ ಅವತ್ತೇ ಮ್ಯಾನೇಜರ್ ಹತ್ತಿರ ಹೋಗಿ, "ಧೈರ್ಯಸ್ಥರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ ಸಾರ್, ಹೆದರೋರು ಒಬ್ಬರೂ ಇಲ್ಲ. ಇವಳನ್ನ ನನಗೆ ಕೊಡಿ" ಎಂದ.

ತಾತ ಅವಳಿಗೆ ಎಲ್ಲ ಕಲಿಸಿದ. ಬೆಲ್ಟನ್ನು ಮೇಜಿನ ಮೇಲೆ ಉದ್ದಕ್ಕೆ ಹಾಸಿ ಬೆಳಕಿಗೆ ನೋಡುವುದು. ಮೇಲೊಂದು ಸಲ, ಕೆಳಗೊಂದು ಸಲ, ಅಂಚು ಹಿಡಿದು ಒಂದು ಸಲ ಅಂಗೈಯಿಂದ ಸವರುವುದು. ತಂತಿ ಹಗ್ಗವಾದರೆ ಚಿಂದಿ ಬಟ್ಟೆ ಹಿಡಿದು ಎಳೆಯುವುದು, ಬಟ್ಟೆ ಎಲ್ಲಿ ತೊಡರುತ್ತದೋ ಅಲ್ಲಿ ಎಳೆ ಮುರಿದಿದೆ ಎಂದು ತಿಳಿಯುವುದು. ಸರಿಯಿದ್ದುದಕ್ಕೆ ಆ ತಿಂಗಳ ಬಣ್ಣದ ಟೇಪು ಕಟ್ಟುವುದು. ಸರಿಯಿಲ್ಲದ್ದನ್ನು ಅಲ್ಲೇ, ಆಗಲೇ, ಕತ್ತರಿಯಿಂದ ಎರಡು ತುಂಡು ಮಾಡುವುದು.

"ಬಿಸಾಕಿದ್ರೆ ಸಾಲದು ಮಗಳೇ, ಮೂಲೆಗೆ ಹಾಕಿದ್ರೂ ಸಾಲದು" ಎಂದು ತಾತ ಹೇಳಿಕೊಟ್ಟಿದ್ದ. "ಇಡೀ ಬೆಲ್ಟು ಕಂಡರೆ ಯಾವನಾದ್ರೂ ಎತ್ಕೊಂಡು ಹೋಗೇ ಹೋಗ್ತಾನೆ. ತುಂಡನ್ನ ಯಾರೂ ಎತ್ಕೊಂಡು ಹೋಗಲ್ಲ."

ಮೂರು ವರ್ಷದ ಮೇಲೆ ತಾತ ಕೆಲಸ ಬಿಟ್ಟು ಹೋದ. ಸ್ಟೋರಿನ ಬೀಗದ ಕೈ ಅವಳ ಸೊಂಟಕ್ಕೆ ಬಂತು. ಅವಳು ತಮ್ಮನನ್ನೂ ಅಲ್ಲೇ ಕೆಲಸಕ್ಕೆ ಸೇರಿಸಿದಳು. ತಮ್ಮ ಅವಳಿಗಿಂತ ಹನ್ನೆರಡು ವರ್ಷಕ್ಕೆ ಚಿಕ್ಕವನು. ಅಮ್ಮ ಬೇಗ ಹೋದದ್ದರಿಂದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇವಳೇ. ಈಗ ಅವನಿಗೂ ಹೆಂಡತಿ, ಶಾಲೆಗೆ ಹೋಗುವ ಮಗಳು ಇದ್ದಾರೆ. ಭಾರಕ್ಕೆ ಬೆಲ್ಟು ಬಿಗಿದು, ಒಂದು ಹಗ್ಗ ಹಿಡಿದುಕೊಂಡು ಅದು ತಿರುಗದಂತೆ ಪಕ್ಕದಲ್ಲೇ ನಡೆದು, ಲಾರಿಯ ತನಕ ತಲುಪಿಸುವುದು ಅವನ ಕೆಲಸ. ದಿನಾ ಬೆಳಿಗ್ಗೆ ಬಂದು ಬೆಲ್ಟು ಎತ್ತಿಕೊಳ್ಳುತ್ತಿದ್ದ, ಒಂದು ದಿನವೂ ಬಿಚ್ಚಿ ನೋಡಿದವನಲ್ಲ. ಯಾರಾದರೂ ನೋಡು ಎಂದರೆ, "ನಮ್ಮಕ್ಕ ನೋಡಿದ್ಮೇಲೆ ನಾನೇನೋ ನೋಡೋದು? ನಮ್ಮಕ್ಕ ತನ್ನ ನೆರಳಿಗೇ ಹೆದರ್ತಾಳೆ, ಬೆಲ್ಟಿಗೆ ಬಿಡ್ತಾಳಾ?" ಎಂದು ನಗುತ್ತಿದ್ದ. ಅವಳು ಸಿಟ್ಟು ಬಂದವಳಂತೆ ಅವನ ಬೆನ್ನಿಗೊಂದು ಗುದ್ದುತ್ತಿದ್ದಳು. ಒಳಗೊಳಗೇ ಹಿಗ್ಗುತ್ತಿದ್ದಳು, ಅದನ್ನೂ ಹೇಳಿಬಿಡಬೇಕು.

ಇನ್ನು ಆ ಹಸಿರು ಬೆಲ್ಟಿನ ವಿಷಯ.

ಅದು ಬಂದು ಎರಡು ತಿಂಗಳೂ ಆಗಿರಲಿಲ್ಲ. ಬಣ್ಣ ಮಾಸಿರಲಿಲ್ಲ, ಹೊಸ ಬಟ್ಟೆಯ ವಾಸನೆ ಇನ್ನೂ ಬರುತ್ತಿತ್ತು. ಒಂದು ಗುರುವಾರ ಸಂಜೆ ಅದನ್ನು ಮೇಜಿಗೆ ಹಾಸಿದಾಗ ನಡುವಿನಲ್ಲಿ ಒಂದು ಅಂಚು ಹೆಬ್ಬೆರಳಗಲ ಕೊಯ್ದುಹೋಗಿತ್ತು. ಯಾವುದೋ ಕಬ್ಬಿಣದ ಚೂಪು ಮೂಲೆ ತಾಗಿದ್ದಿರಬೇಕು. ಬಗ್ಗಿಸಿ ನೋಡಿದರೆ ಕೆಂಪು ನೂಲು. ಅವಳು ಹಳದಿ ಟೇಪು ಕಿತ್ತಳು, ಕತ್ತರಿ ಕೈಗೆತ್ತಿಕೊಂಡಳು. ಕೈ ಮುಂದಕ್ಕೆ ಹೋಗಲಿಲ್ಲ.

ದರ್ಜಿಯ ಮನೆಯ ಹೆಂಗಸು ನೋಡಿ. ಅಂಗೈಯಗಲದ ತುಂಡನ್ನೂ ಮಡಿಸಿಟ್ಟು ದಿಂಬಿನ ಚೀಲಕ್ಕೆ ಅತುಕುವ ಮನೆ ಅದು. ಹಳೆಯ, ಜೂಲು ಬಿದ್ದ ಬೆಲ್ಟುಗಳನ್ನು ಕಚಕ್ಕನೆ ಕತ್ತರಿಸುತ್ತಿದ್ದವಳಿಗೆ ಆ ಹೊಸ ಪಟ್ಟಿಗೆ ಕತ್ತರಿ ಹಾಕಲು ಹೊಟ್ಟೆ ಉರಿಯಿತು. ಅವಳ ಮದುವೆಯಾದ ಮಗಳು ಬರುವ ಭಾನುವಾರ ಮನೆ ಬದಲಾಯಿಸುವವಳಿದ್ದಳು. ಟೆಂಪೋದಲ್ಲಿ ಬೀರು, ಮಂಚ ಅಲ್ಲಾಡದಂತೆ ಬಿಗಿಯಲು ಇದಕ್ಕಿಂತ ಒಳ್ಳೆಯದು ಏನಿದೆ? ಬೀರು ಏನು ನಾಲ್ಕು ಟನ್ ಇರುತ್ತದೆಯೇ? ಹೀಗೆಂದುಕೊಂಡು ಅವಳು ಬೆಲ್ಟನ್ನು ಸುರುಳಿ ಸುತ್ತಿ, ಕೆಳಗಿನ ಹಲಗೆಯಲ್ಲಿ ಗ್ರೀಸ್ ಡಬ್ಬಗಳ ಹಿಂದೆ ತಳ್ಳಿಟ್ಟಳು.

ಶನಿವಾರ ಮನೆಗೆ ಒಯ್ಯಬೇಕಿತ್ತು. ಚೀಲಕ್ಕೂ ಹಾಕಿಕೊಂಡಳು. ಆದರೆ ಗೇಟಿನವನು ಅವತ್ತು ಬ್ಯಾಟರಿ ಬಿಟ್ಟು ಎಲ್ಲರ ಚೀಲ ಬಿಚ್ಚಿ ನೋಡುತ್ತಿದ್ದ. ದೂರದಿಂದಲೇ ಅದನ್ನು ಕಂಡು ಅವಳು ಅಲ್ಲೇ ನಿಂತುಬಿಟ್ಟಳು. ಹನ್ನೊಂದು ವರ್ಷದ ಮರ್ಯಾದೆ ಒಂದು ಬೆಲ್ಟಿಗೆ ಮಣ್ಣುಪಾಲಾಗುವುದೇ ಎಂದು ಹಿಂದಕ್ಕೆ ಬಂದು, ಅದನ್ನು ಮತ್ತೆ ಡಬ್ಬಗಳ ಹಿಂದೆ ಇಟ್ಟು, ಖಾಲಿ ಚೀಲ ಹಿಡಿದು ಹೊರಟಳು. ಆಗಲಾದರೂ ಕತ್ತರಿಸಬಹುದಿತ್ತಲ್ಲ! ಇಲ್ಲ. ಗೇಟಿನವನ ಬ್ಯಾಟರಿಗೆ ಹೆದರಿದ ಹೆಂಗಸು, ಹೆದರಲೇಬೇಕಾದ ವಸ್ತುವನ್ನು ಕೈಯಾರೆ ಮುಚ್ಚಿಟ್ಟು ಬಂದಳು. ಮಗಳ ಬೀರು ಹಳೇ ಸೀರೆಯ ಕಟ್ಟಿನಲ್ಲೇ ಹೊಸ ಮನೆ ಸೇರಿತು.

ಮಂಗಳವಾರ ಹತ್ತು ಗಂಟೆಗೆ ಆಫೀಸಿನಿಂದ ಕರೆ ಬಂತು, ಯಾವುದೋ ಫಾರಮ್ಮಿಗೆ ಸಹಿ ಬೇಕಂತೆ. ಅವಳು ಬೀಗದ ಕೈಯನ್ನು ಎಂದಿನಂತೆ ಕಿಟಕಿಯ ಮೊಳೆಗೆ ಸಿಕ್ಕಿಸಿ ಹೋದಳು. ಅಲ್ಲಿಂದ ಬರುವಾಗ ಇಪ್ಪತ್ತು ನಿಮಿಷ ಕಳೆದಿತ್ತು. ಸ್ಟೋರಿನ ಬಾಗಿಲು ತೆರೆದಿತ್ತು. ಒಳಗೆ ಕಾಲಿಟ್ಟ ಕೂಡಲೇ ಅವಳ ಕಣ್ಣು ಕೆಳಗಿನ ಹಲಗೆಗೆ ಹೋಯಿತು.

ಗ್ರೀಸ್ ಡಬ್ಬಗಳು ಪಕ್ಕಕ್ಕೆ ಸರಿದಿದ್ದವು. ಹಿಂದೆ ಏನೂ ಇರಲಿಲ್ಲ. ಮೇಜಿನ ಡ್ರಾಯರು ಅರ್ಧ ತೆರೆದಿತ್ತು, ಹಳದಿ ಟೇಪಿನ ಉರುಳೆ ಹೊರಗೆ ಬಿದ್ದಿತ್ತು.

ಏನು ನಡೆದಿರಬಹುದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಲಾರಿ ಕಾಯುತ್ತಿದೆ, ತಮ್ಮನಿಗೆ ಜೊತೆ ಬೆಲ್ಟು ಬೇಕು, ಕೊಂಡಿಯಲ್ಲಿ ಒಂದೇ ಇದೆ. ಹುಡುಕಿದ್ದಾನೆ, ಡಬ್ಬಗಳ ಹಿಂದೆ ಸಿಕ್ಕಿದೆ. ಹೊಸದು, ಇಡೀ ಬೆಲ್ಟು. ಕತ್ತರಿಸಿಲ್ಲವೆಂದರೆ ಸರಿಯಿದೆ ಎಂದೇ ಅಲ್ಲವೇ? ಅಕ್ಕ ಟೇಪು ಕಟ್ಟಲು ಮರೆತಿದ್ದಾಳೆ ಎಂದುಕೊಂಡು ತಾನೇ ಕಟ್ಟಿಕೊಂಡು ಹೋಗಿದ್ದಾನೆ.

ಸ್ಟೋರಿನಿಂದ ಎರಡನೇ ಶೆಡ್ಡಿಗೆ ನೂರು ಮಾರೂ ಇಲ್ಲ. ಅವಳು ಓಡಿದಳು. ಚಪ್ಪಲಿ ಒಂದು ಕಡೆ ಕಳಚಿತು, ಗಮನಿಸಲಿಲ್ಲ. ಶೆಡ್ಡಿನ ಬಾಗಿಲಿಗೆ ಬಂದಾಗ ಮೋಟರು ಆಗಲೇ ಗಾಳಿಯಲ್ಲಿತ್ತು.

ನಾಲ್ಕು ಟನ್ನಿನ ಬೂದು ಬಣ್ಣದ ಮೋಟರು. ಒಂದು ಕಡೆ ನೀಲಿ ಬೆಲ್ಟು, ಇನ್ನೊಂದು ಕಡೆ ಹಸಿರು ಬೆಲ್ಟು. ಸಾಲಾಗಿ ನಿಂತ ಲೇತ್ ಮಿಷನ್ನುಗಳ ಮೇಲಿನಿಂದ ಅದನ್ನು ದಾಟಿಸಬೇಕಾದ್ದರಿಂದ ಎದೆಯೆತ್ತರಕ್ಕೆ ಎತ್ತಿದ್ದರು. ಒಂದು ಕಡೆ ಗೋಡೆ, ಇನ್ನೊಂದು ಕಡೆ ಮೋಟರು, ನಡುವೆ ಒಬ್ಬ ಮನುಷ್ಯ ನಡೆಯುವಷ್ಟೇ ಜಾಗ. ಆ ಜಾಗದಲ್ಲಿ ಅವಳ ತಮ್ಮ ಹಗ್ಗ ಹಿಡಿದು, ಮೋಟರಿನ ಪಕ್ಕದಲ್ಲಿ ಹೆಜ್ಜೆ ಹಾಕುತ್ತಿದ್ದ. ಮೇಲೆ ಕ್ರೇನಿನ ಡಬ್ಬಿಯಲ್ಲಿ ಕೂತವನನ್ನು ಎಲ್ಲರೂ ಮಹಡಿ ಮಾವ ಅನ್ನುತ್ತಿದ್ದರು. ಅವನು ಬೀಡಿ ಇಲ್ಲದ ಬಾಯಿ ಆಡಿಸುತ್ತಾ ನಿಧಾನವಾಗಿ ನಡೆಸುತ್ತಿದ್ದ.

ಕಿರುಚಲು ಬಾಯಿ ತೆರೆದಳು. ಕಿರುಚಲಿಲ್ಲ.

ಯಾಕೆ ಕಿರುಚಲಿಲ್ಲ ಎನ್ನುವುದೇ ಈ ಕಥೆ, ಅದಕ್ಕೇ ನೆಟ್ಟಗೆ ಹೇಳಿಬಿಡುತ್ತೇನೆ. ಬಾಯಿ ತೆರೆದ ಕ್ಷಣಕ್ಕೆ ಅವಳ ತಲೆಯೊಳಗೆ ಬಂದ ಮಾತು ಬೇರೆಯೇ. ಲೇತ್ ಸಾಲು ಮುಗಿಯಲು ಇನ್ನು ಇಪ್ಪತ್ತು ಹೆಜ್ಜೆ. ಅಷ್ಟು ದಾಟಿದರೆ ಲಾರಿ. ಬೆಲ್ಟಿನ ಮೇಲೆ ಬರೆದ ತೂಕಕ್ಕಿಂತ ಅದಕ್ಕೆ ಹೆಚ್ಚೇ ತಾಳಿಕೆ ಇರುತ್ತದೆ. ವಾಪಸ್ಸು ಬಂದ ಕೂಡಲೇ ಕತ್ತರಿಸಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಈಗ ಬಾಯಿಬಿಟ್ಟರೆ ಎಲ್ಲರೆದುರು ಹೇಳಬೇಕು, ನಾನು ಕತ್ತರಿಸಲಿಲ್ಲ, ಮನೆಗೆ ಒಯ್ಯಲು ಬಚ್ಚಿಟ್ಟಿದ್ದೆ ಎಂದು. ಕೆಲಸ ಹೋಗುತ್ತದೆ. ನಲವತ್ತೆಂಟನೇ ವಯಸ್ಸಿನಲ್ಲಿ ಮತ್ತೆ ಪೊರಕೆಯೂ ಸಿಗುವುದಿಲ್ಲ. ಕಳ್ಳಿ ಅನ್ನುತ್ತಾರೆ.

ತಮ್ಮ ಒಂದು ಹೆಜ್ಜೆ ಇಟ್ಟ. ಇನ್ನೊಂದು. ಅವಳು ಬಾಗಿಲಿನ ಕಬ್ಬಿಣದ ಕಂಬ ಹಿಡಿದು ನೋಡುತ್ತಲೇ ನಿಂತಿದ್ದಳು. ಮೂರು. ಹಸಿರು ಬೆಲ್ಟಿನ ಅಂಚಿನಲ್ಲಿ ಏನೋ ಕೆಂಪಗೆ ಕಂಡಿತು, ಅಥವಾ ಕಂಡಂತಾಯಿತು. ನಾಲ್ಕು. ತಮ್ಮ ಮೋಟರಿನ ಕಡೆ ತಿರುಗಿ ಏನೋ ಗುನುಗಿಕೊಂಡ. ಅವನು ಕೆಲಸದಲ್ಲಿದ್ದಾಗ ಯಾವಾಗಲೂ ಗುನುಗುತ್ತಾನೆ, ಚಿಕ್ಕಂದಿನಿಂದಲೂ ಹಾಗೇ.

ಆಗ ಅವಳ ಕಾಲು ನೆಲ ಬಿಟ್ಟು ಮುಂದಕ್ಕೆ ಹೋಯಿತು.

ಓಡಲಿಲ್ಲ, ಬಿರಬಿರನೆ ನಡೆದಳು. ಮಹಡಿ ಮಾವನಿಗೆ ಸರಿಯಾಗಿ ಕಾಣುವ ಕಡೆ ಹೋಗಿ ನಿಂತು ಎರಡೂ ಅಂಗೈ ಕೆಳಮುಖ ಮಾಡಿ ಮೆಲ್ಲಗೆ ಅಲ್ಲಾಡಿಸಿದಳು. ನಿಧಾನ, ನಿಧಾನ. ಮಹಡಿ ಮಾವ ಹುಬ್ಬು ಗಂಟು ಹಾಕಿದ. ಬೆಲ್ಟಕ್ಕ ಸಿಗ್ನಲ್ ಕೊಡುವುದನ್ನು ಅವನು ಈ ಜನ್ಮದಲ್ಲಿ ಕಂಡಿರಲಿಲ್ಲ. ಆದರೂ ವೇಗ ತಗ್ಗಿಸಿದ. ಅವಳು ನಿಲ್ಲಿಸು ಎಂದು ತೋಳು ಚಾಚಿದಳು. ಮೋಟರು ತೂಗಾಡದೆ, ಬಂದ ಜಾಗದಲ್ಲೇ ನಿಂತಿತು.

"ತಮ್ಮಾ" ಎಂದಳು. ಧ್ವನಿ ಅವಳದೇ ಅಲ್ಲ ಎನ್ನುವಷ್ಟು ಸಣ್ಣಗಿತ್ತು. "ಹಗ್ಗ ಬಿಡು. ಬಿಟ್ಟು ಹಿಂದಕ್ಕೆ ಬಾ."

"ಯಾಕಕ್ಕಾ? ಹಗ್ಗ ಬಿಟ್ರೆ ತಿರುಗುತ್ತೆ."

"ತಿರುಗ್ಲಿ."

"ಲೇತಿಗೆ ಬಡೀತು ಅಂದ್ರೆ ಸೂಪರ್‌ವೈಸರು ನನ್ನ ಚರ್ಮ ಸುಲೀತಾನೆ ಅಷ್ಟೇ. ಏನಾಯ್ತು ಹೇಳು ಮೊದಲು. ಹಲ್ಲಿ ಗಿಲ್ಲಿ ಬಿತ್ತಾ ಮೈ ಮೇಲೆ?"

ಆಚೆ ಲೇತಿನಲ್ಲಿದ್ದವರು ನಕ್ಕರು. ಅವಳು ಬೆಲ್ಟಿನ ಕಡೆ ಕೈ ತೋರಿಸಿದಳು.

"ಆ ಹಸಿರು ಬೆಲ್ಟು ಕುಯ್ದಿದೆ ಕಣೋ. ನಾನೇ ತೆಗೆದು ಹಾಕಿದ್ದೆ. ಕತ್ತರಿಸಿರಲಿಲ್ಲ. ನಿನ್ನ ಕಾಲಿಗೆ ಬೀಳ್ತೀನಿ, ಹೊರಗೆ ಬಾ."

ತಮ್ಮ ಅವಳ ಮುಖ ನೋಡಿದ. ತಲೆ ಎತ್ತಿ ಬೆಲ್ಟು ನೋಡಿದ. ಹಗ್ಗ ಅವನ ಕೈಯಿಂದ ತಾನಾಗಿಯೇ ಜಾರಿತು. ಗೋಡೆಗೆ ಬೆನ್ನು ಒರಸಿಕೊಂಡು, ಉಸಿರು ಬಿಗಿಹಿಡಿದು, ಅಡ್ಡಡ್ಡವಾಗಿ ಹೆಜ್ಜೆ ಸರಿಸುತ್ತಾ ಹಿಂದಕ್ಕೆ ಬಂದ. ಹತ್ತು ಹೆಜ್ಜೆಗೆ ಹತ್ತು ವರ್ಷ ಹಿಡಿಯಿತೇನೋ. ಅವನು ಹೊರಬಿದ್ದದ್ದೇ ಅವಳು ಅವನ ಅಂಗಿಯ ತೋಳನ್ನು ಬಾಚಿ ಹಿಡಿದುಕೊಂಡಳು, ಬಿಡಲಿಲ್ಲ.

ಆ ಸಂದಿಯಲ್ಲಿ ಇಳಿಸಲು ಜಾಗವಿರಲಿಲ್ಲ. ಸುತ್ತ ಇದ್ದವರೆಲ್ಲ ಲೇತ್ ನಿಲ್ಲಿಸಿ ದೂರ ಸರಿದರು. ಮಹಡಿ ಮಾವ ಮೋಟರನ್ನು ಇರುವೆ ನಡೆಯುವ ಹಾಗೆ ಮುಂದಕ್ಕೆ ಸರಿಸಿದ. ಹಿಡಿಯುವವರಿಲ್ಲದೆ ಅದು ಗಾಳಿಯಲ್ಲಿ ಮೆಲ್ಲಗೆ ತಿರುಗಿತು, ಒಂದು ಲೇತಿನ ಹಿಡಿಯನ್ನು ಸವರಿಕೊಂಡು ಹೋಯಿತು, ಎಲ್ಲರ ಜೀವವೂ ಬಾಯಿಗೆ ಬಂತು. ಸಾಲು ಮುಗಿಯಿತು. ಬಯಲು ನೆಲ ಸಿಕ್ಕಿತು. ಇಳಿಸಲು ಶುರು ಮಾಡಿದ. ಸೊಂಟದೆತ್ತರ. ಮೊಣಕಾಲೆತ್ತರ.

ಚರ್ರ್ ಎಂದಿತು. ಹೊಸ ಬಟ್ಟೆ ಹರಿದ ಸದ್ದೇ ಅದು, ಇಡೀ ಶೆಡ್ಡಿಗೆ ಕೇಳುವಷ್ಟು ದೊಡ್ಡದು. ಮೋಟರು ಒಂದು ಮಗ್ಗುಲಿಗೆ ವಾಲಿ ಮೂಲೆಯ ಮೇಲೆ ಬಿತ್ತು. ನೆಲ ಗಡಗಡ ನಡುಗಿತು. ಕಾಂಕ್ರೀಟು ಒಡೆದು ಚೂರುಗಳು ಬಾಗಿಲ ತನಕ ಹಾರಿದವು. ಹರಿದ ಬೆಲ್ಟಿನ ಅರ್ಧ ಭಾಗ ಗಾಳಿಯಲ್ಲಿ ಚಾವಟಿಯ ಹಾಗೆ ಬೀಸಿ ಲೇತಿಗೆ ಬಡಿಯಿತು. ಬಾಯಿ ತೆರೆದವನು ಮೊದಲು ಮಹಡಿ ಮಾವ. ಮೇಲಿನಿಂದಲೇ, ಅಳು ಬರುವ ದನಿಯಲ್ಲಿ, "ಎಲ್ಲರೂ ಇದ್ದೀರೇನ್ರಪ್ಪಾ?" ಎಂದು ಕೇಳಿದ.

ಎಲ್ಲರೂ ಇದ್ದರು.

ಸೇಫ್ಟಿ ನೋಡಿಕೊಳ್ಳುವ ಮೇಡಂ ಓಡಿ ಬಂದರು. ಕಟ್ಟುನಿಟ್ಟಿನ ಹೆಂಗಸು, ನಕ್ಕಿದ್ದನ್ನು ಕಂಡವರಿಲ್ಲ. ಹರಿದ ಬೆಲ್ಟನ್ನು ಎತ್ತಿ ಹಿಡಿದು, "ಇದನ್ನ ಕತ್ತರಿಸದೆ ಇಟ್ಟಿದ್ದು ಯಾರು?" ಎಂದರು.

"ನಾನು ಮೇಡಂ."

"ಯಾಕೆ?"

"ಹೊಸದಿತ್ತು ಮೇಡಂ. ಮನಸ್ಸು ಬರಲಿಲ್ಲ. ಮನೆಗೆ ಒಯ್ಯೋಣ ಅಂತಿದ್ದೆ."

ಮೇಡಂ ಅವಳನ್ನೇ ದಿಟ್ಟಿಸಿ ನೋಡಿ, ಬರೆದುಕೊಂಡು ಹೋದರು. ತಾನೇ ಟೇಪು ಕಟ್ಟಿದ್ದಕ್ಕೆ ತಮ್ಮನಿಗೂ ಮೂರು ದಿನ ಕೆಲಸವಿಲ್ಲ, ಮನೆಯಲ್ಲಿರು ಅಂದರು, ಆಮೇಲೆ ಅದನ್ನು ಒಂದು ದಿನಕ್ಕೆ ಇಳಿಸಿದರು. ಬೆಲ್ಟಕ್ಕ ಇಡೀ ಮಧ್ಯಾಹ್ನ ಸ್ಟೋರಿನ ಸ್ಟೂಲಿನ ಮೇಲೆ ಕೂತೇ ಇದ್ದಳು. ಆದರೆ ಹೊರಗೆ ಬೇರೆಯೇ ಮಾತು ಹಬ್ಬುತ್ತಿತ್ತು. ಮಹಡಿ ಮಾವ ಕೆಳಗಿಳಿದು ಬಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ: "ಅವಳು ಕಿರುಚಿದ್ದಿದ್ರೆ ನಾನು ಬೆಚ್ಚಿಬಿದ್ದು ಗಬಕ್ ಅಂತ ಬ್ರೇಕ್ ಹಾಕ್ತಿದ್ದೆ. ಲೋಡು ತೂಗಾಡಿ ಅಲ್ಲೇ ಹರೀತಿತ್ತು, ಅವನು ಗೋಡೆಗೆ ಅಂಟ್ಕೊಂಡು ಹೋಗ್ತಿದ್ದ. ಹಲ್ಲಿ ಕಂಡ್ರೆ ಕಿರುಚೋಳು, ತಮ್ಮನ ಪ್ರಾಣ ಹೋಗೋ ಹೊತ್ತಲ್ಲಿ ಹಲ್ಲು ಕಚ್ಕೊಂಡು ಬಾಗಿಲಲ್ಲಿ ನಿಂತು ಯೋಚ್ನೆ ಮಾಡಿದ್ಲಲ್ಲ, ಅದು ತಲೆ!"

ಹೊತ್ತು ಮುಳುಗುವ ಮುಂಚೆ ಮೇಡಂ ಸ್ಟೋರಿಗೆ ಬಂದರು.

"ನಿಮ್ಮನ್ನ ಕೆಲಸದಿಂದ ತೆಗೀಬೇಕು ಅಂತ ಬರೆದಿದ್ದೆ. ಹರಿದು ಹಾಕಿದೆ. ನೀವು ಕೂಗದೇ ಇದ್ದಿದ್ದಕ್ಕೆ ಅವನು ಬದುಕಿದ್ದಾನೆ. ಅದೊಂದೇ ಕಾರಣ, ತಿಳ್ಕೊಳ್ಳಿ. ಇನ್ನೊಂದ್ಸಲ ಹಿಂಗಾದ್ರೆ ನಾನು ಮನುಷ್ಯಳಾಗಿರಲ್ಲ."

ಅವಳು ತಲೆ ತಗ್ಗಿಸಿದಳು. ಕೆಲಸ ಉಳಿಯಿತು. ಖುಷಿಯಾಗಬೇಕಿತ್ತು. ಆದದ್ದು ಬೆಳಗಿನದ್ದಕ್ಕಿಂತ ದೊಡ್ಡ ಹೆದರಿಕೆ. ಕೆಲಸ ಹೋದೀತೆಂದು ನಾಲ್ಕು ಹೆಜ್ಜೆ ಸುಮ್ಮನಿದ್ದಳು, ಆ ನಾಲ್ಕು ಹೆಜ್ಜೆಯೇ ಈಗ ಕೆಲಸ ಉಳಿಸಿಕೊಟ್ಟಿತ್ತು. ಇಂಥ ನಾಚಿಕೆಗೇಡನ್ನು ಯಾರ ಮುಂದೆ ಹೇಳುವುದು? ಬೇರೆ ಯಾರಾದರೂ ಆಗಿದ್ದರೆ ಬಾಯಿ ಮುಚ್ಚಿಕೊಂಡು ಮನೆಗೆ ಹೋಗಿ ಮಲಗುತ್ತಿದ್ದರು. ನಾನಂತೂ ಹಾಗೇ ಮಾಡುತ್ತಿದ್ದೆ.

ಅವಳು ಮನೆಗೆ ಹೋಗಲಿಲ್ಲ, ತಮ್ಮನ ಮನೆಗೆ ಹೋದಳು.

ಮೊದಲನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ತಮ್ಮ ಗೋಡೆಗೊರಗಿ ನೆಲದ ಮೇಲೆ ಕೂತಿದ್ದ, ಮಗಳು ಅವನ ತೊಡೆಯ ಮೇಲೆ ಪುಸ್ತಕವಿಟ್ಟುಕೊಂಡು ಬರೆಯುತ್ತಿದ್ದಳು. ಬೆಲ್ಟಕ್ಕನನ್ನು ಕಂಡದ್ದೇ ತಮ್ಮನ ಹೆಂಡತಿ ಒಲೆಯ ಮುಂದಿನಿಂದ ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. ಹಿಟ್ಟಿನ ಕೈ, ಬೆಚ್ಚಗಿತ್ತು.

"ಅತ್ತಿಗೆ, ನೀವಿಲ್ದಿದ್ರೆ ಇವತ್ತು ಈ ಹೊತ್ತಿಗೆ ನಾನು..." ಮುಂದೆ ಹೇಳಲಾಗದೆ ಬಿಕ್ಕಿದಳು.

"ಸುಮ್ನಿರೇ, ಆಯ್ತಲ್ಲ" ಎಂದ ತಮ್ಮ. ನಗಲು ನೋಡಿದ. "ಎಲ್ಲರಿಗೂ ಹೇಳ್ಕೊಂಡು ಬಂದೆ ಅಕ್ಕಾ. ನಮ್ಮಕ್ಕ ನನ್ನ ನೋಡಿದ್ಲು, ಕೂಗಬಾರ್ದು ಅಂತ ಗೊತ್ತಿತ್ತು ಅವಳಿಗೆ, ಎಷ್ಟು ಕಷ್ಟಪಟ್ಟು ತಡ್ಕೊಂಡಿರ್ಬೇಕು ಅಂತ."

"ಅದಕ್ಕಲ್ಲ ಕಣೋ ನಾನು ನಿಂತಿದ್ದು."

"ಏನು?"

"ಕೂಗಬಾರದು ಅಂತ ಅಲ್ಲ. ಆ ಹೊತ್ತಿಗೆ ಅದು ನೆನಪಿಗೇ ಬರಲಿಲ್ಲ." ಅವಳು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಮತ್ತೆ ಹೇಳಲಾರೆನೆಂದು ಗೊತ್ತಿತ್ತು. "ಕೆಲಸ ಹೋಗುತ್ತೆ ಅಂತ ನಿಂತಿದ್ದೆ. ಇನ್ನಿಪ್ಪತ್ತು ಹೆಜ್ಜೆ, ದಾಟಿಬಿಡ್ತೀಯಾ, ಯಾರಿಗೂ ಗೊತ್ತಾಗಲ್ಲ ಅಂತ ನಿಂತಿದ್ದೆ. ನೀನು ಅದರ ಪಕ್ಕದಲ್ಲಿ ಹೋಗ್ತಿದ್ದೆ. ನಾನು ನೋಡ್ತಾನೇ ಇದ್ದೆ."

ಹೆಂಡತಿಯ ಕೈ ಅವಳ ಕೈಯಿಂದ ಮೆಲ್ಲಗೆ ಬಿಟ್ಟುಕೊಂಡಿತು. ಮಗಳು ಏನೂ ಅರ್ಥವಾಗದೆ ಪೆನ್ಸಿಲ್ ನಿಲ್ಲಿಸಿ ಅಪ್ಪನ ಮುಖ ನೋಡಿದಳು.

"ಎಷ್ಟು ಹೊತ್ತು?" ಎಂದ ತಮ್ಮ.

"ನೀನು ನಾಲ್ಕು ಹೆಜ್ಜೆ ಇಡೋ ತನಕ."

ಅವನು ಮಗಳ ಪುಸ್ತಕವನ್ನು ತೊಡೆಯಿಂದ ಇಳಿಸಿ ಎದ್ದು ನಿಂತ. ಮುಖ ಕೆಂಪಾಗಿತ್ತು. "ಈಗ್ಯಾಕೆ ಹೇಳ್ದೆ? ನಾನು ಕೇಳಿದ್ನಾ? ಬದುಕಿದ್ದೀನಲ್ಲ, ನೀನೇ ಬದುಕಿಸಿದ್ದು ಅಂದ್ಕೊಂಡು ಆರಾಮಾಗಿದ್ನಲ್ಲ. ಇದನ್ನ ಕೇಳಿ ನಾನೇನು ಮಾಡ್ಲಿ?"

"ನಾಳಿದ್ದು ಕೆಲಸಕ್ಕೆ ಬರ್ತೀಯ. ಅಕ್ಕ ನೋಡಿದ್ದಾಳೆ ಅಂತ ಬೆಲ್ಟು ಎತ್ಕೊಂಡು ಹೋಗ್ತೀಯ. ಇವತ್ತಿನಿಂದ ಇನ್ನೂ ಹೆಚ್ಚು ನಂಬ್ತೀಯ. ಹಂಗೆ ಹೋಗ್ಬೇಡ. ನಾನು ನೋಡಿದ್ರೂ ನೀನು ಬಿಚ್ಚಿ ನೋಡು. ಇಷ್ಟು ದಿನ ಎಲ್ಲಕ್ಕೂ ಹೆದರ್ತಿದ್ದೆ, ನಿನಗೇ ಗೊತ್ತಲ್ಲ. ಈಗ ನನಗೆ ನನ್ನ ಕಂಡ್ರೇ ಹೆದರಿಕೆ ಆಗ್ತಿದೆ ಕಣೋ."

ಒಲೆಯ ಮೇಲಿನದು ಸೀದ ವಾಸನೆ ಬಂದು ಹೆಂಡತಿ ಒಳಗೆ ಹೋದಳು. ಅಲ್ಲಿಂದಲೇ, ರೂಢಿಯ ಮೇಲೆ, "ಊಟ ಮಾಡ್ಕೊಂಡು ಹೋಗಿ" ಎಂದಳು. ಕೂತುಕೊಳ್ಳಿ ಎನ್ನಲಿಲ್ಲ. ಬೆಲ್ಟಕ್ಕ ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಮೆಟ್ಟಿಲಿಳಿದಳು.

ಹಿಂದೆ ಹೆಜ್ಜೆಯ ಸದ್ದು ಕೇಳಿತು. ತಮ್ಮ ಬರುತ್ತಿದ್ದ. ಪಕ್ಕಕ್ಕೆ ಬರಲಿಲ್ಲ, ಎರಡು ಮಾರು ಹಿಂದೆಯೇ ನಡೆದ. ಹೀಗೇ ಎರಡು ಬೀದಿ ದಾಟಿದರು. ಅವಳಿಗೆ ತಿರುಗಿ ನೋಡಲೂ ಹೆದರಿಕೆ. ಅವಳ ಬೀದಿಯ ತಿರುವು ಬಂದಾಗ ಅವನು ನಿಂತ.

"ನಾಳಿದ್ದು ಎಂಟು ಗಂಟೆಗೆ ಬರ್ತೀನಿ. ಇದ್ದಬದ್ದ ಬೆಲ್ಟೆಲ್ಲ ತೆಗೆದು ಹಾಸಿಡು. ನೀನು ಆ ಕಡೆಯಿಂದ ನೋಡ್ಕೊಂಡು ಬಾ, ನಾನು ಈ ಕಡೆಯಿಂದ ನೋಡ್ತೀನಿ. ಇಬ್ಬರೂ ನೋಡಿದ್ಮೇಲೇ ಟೇಪು."

"ಹೂಂ" ಎಂದಳು.

ಅವನು ಬಂದ ದಾರಿಯಲ್ಲೇ ತಿರುಗಿ ಹೋದ. ಅವಳು ನಿಂತು ಅವನು ಕಣ್ಮರೆಯಾಗುವ ತನಕ ನೋಡಿದಳು, ಜೀವ ಸಹಿತ ನಡೆದು ಹೋಗುತ್ತಿದ್ದ, ಅಷ್ಟು ಸಾಕು ಎನ್ನಿಸಿತು. ಮನೆಗೆ ಬಂದಳು. ಗಂಡ ಬಾಗಿಲು ತೆಗೆದು, ಯಾಕೆ ಇಷ್ಟು ತಡ, ಮುಖ ಯಾಕೆ ಹೀಗಿದೆ ಎಂದು ಕೇಳಿದ. ಉತ್ತರ ಕೊಡಲು ಬಾಯಿ ತೆರೆದಾಗ ಅವಳಿಗೆ ಹೊಳೆಯಿತು: ಆ ತಿರುವಿನಲ್ಲಿ ಆಡಿದ ಅಷ್ಟೂ ಮಾತಿನಲ್ಲಿ ಅವನು ಒಂದು ಸಲವೂ ಅಕ್ಕಾ ಎಂದಿರಲಿಲ್ಲ.